ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು: ಕೊಪ್ಪಳದ ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಪ್ರಶ್ನಾವಳಿ

ಹೊರಗಿನಿಂದ ಬಂದ ಪ್ರಶ್ನಾವಳಿಯನ್ನು ನಮ್ಮ ಮಕ್ಕಳಿಗೆ ಹೊಂದಿಸಬೇಕು ಅಂದ ಕೂಡಲೇ ಎಲ್ಲರೂ ಕೇಳೋದು ಅನುವಾದ ಹೇಗೆ ಮಾಡಿದಿರಿ ಅಂತ. ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಈ ಕೆಲಸ ಮಾಡಿದ ಮೇಲೆ ನನಗೆ ಅನುವಾದಕ್ಕಿಂತ ಬೇರೆ ವಿಷಯಗಳೇ ದೊಡ್ಡವು ಅನ್ನಿಸಿವೆ. ಯಾರನ್ನು ಕೇಳ್ತೀವಿ, ಯಾವ ತಿಂಗಳಲ್ಲಿ ಕೇಳ್ತೀವಿ, ಕೇಳುವಾಗ ಪಕ್ಕದಲ್ಲಿ ಯಾರು ಕೂತಿರ್ತಾರೆ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತದೆ.

ನಾವು ಬಳಸಿದ್ದು ಎಸ್‌ಡಿಕ್ಯೂ, ಅಂದರೆ ಮಗುವಿನ ಸಾಮರ್ಥ್ಯ ಮತ್ತು ತೊಂದರೆಗಳ ಪ್ರಶ್ನಾವಳಿ (Strengths and Difficulties Questionnaire). ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದು. ಒಟ್ಟು 25 ವಾಕ್ಯ. ಭಾವನೆಯ ತೊಂದರೆ, ನಡವಳಿಕೆ, ಚಂಚಲತೆ, ಗೆಳೆಯರ ಜೊತೆಗಿನ ತೊಂದರೆ, ಒಳ್ಳೆಯ ಗುಣ ಅಂತ ಐದು ಗುಂಪು, ಗುಂಪಿಗೆ ಐದು ವಾಕ್ಯ. ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ ಅಂತ ಮೂರು ಉತ್ತರ. ಒಳ್ಳೆಯ ಗುಣದ ಗುಂಪು ಬಿಟ್ಟು ಉಳಿದ ನಾಲ್ಕನ್ನು ಕೂಡಿದರೆ ತೊಂದರೆಯ ಅಂಕ 0ಯಿಂದ 40ರವರೆಗೆ ಬರುತ್ತದೆ. ಪೋಷಕರಿಗೆ ಒಂದು, ಶಿಕ್ಷಕರಿಗೆ ಒಂದು, 11 ವರ್ಷ ತುಂಬಿದ ಮಕ್ಕಳು ತಾವೇ ತುಂಬಲು ಇನ್ನೊಂದು. ಕನ್ನಡದ ಪ್ರತಿ ಮೊದಲೇ ಇದೆ. ಮಾತು ಮಾತ್ರ ಬದಲಾಯಿಸುವಂತಿಲ್ಲ ಅನ್ನೋದು ಅದರ ಹಕ್ಕುದಾರರ ಷರತ್ತು. ಊರಿಗೊಬ್ಬರು ತಿದ್ದುತ್ತಾ ಹೋದರೆ ಒಂದು ಕಡೆಯ ಅಂಕಕ್ಕೆ ಇನ್ನೊಂದು ಕಡೆಯ ಅಂಕ ತಾಳೆಯಾಗೋದಿಲ್ಲ. ಹಾಗಾಗಿ ನಾನು ಆ ಷರತ್ತನ್ನು ಮನಸಾರೆ ಒಪ್ಪುತ್ತೇನೆ. ವಾಕ್ಯ ಇದ್ದ ಹಾಗೇ ಇರಲಿ, ಕೇಳುವ ರೀತಿಯನ್ನು ನಮ್ಮ ಕಡೆಗೆ ಹೊಂದಿಸೋಣ ಅಂತ ತೀರ್ಮಾನ ಮಾಡಿದೆವು.

ಮೊದಲ ತೊಡಕು ಗುಳೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾ ಅಂತ ಹೋಗಿಬಿಡ್ತಾರೆ. ಮಕ್ಕಳು ಅಜ್ಜಿ ಹತ್ತಿರ. ಪ್ರಶ್ನಾವಳಿ ಕೇಳೋದು ಕಳೆದ ಆರು ತಿಂಗಳ ಬಗ್ಗೆ. ಆ ಆರು ತಿಂಗಳು ಅವ್ವ ಮಗುವನ್ನು ಕಂಡಿದ್ದು ಫೋನಿನಲ್ಲಿ ಮಾತ್ರ. ಮುಂಗಾರಿಗೆ ಊರಿಗೆ ಬಂದವಳನ್ನು ಜೂನ್‌ನಲ್ಲಿ ಕೂರಿಸಿ ಕೇಳಿದರೆ ಅವಳು ಹೇಳೋದು ಹೋಗುವ ಮುಂಚಿನ ಮಗುವಿನ ಬಗ್ಗೆ. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ಯಾರ ಮನೆಯಲ್ಲಿ ಮಗು ಉಂಡು ಮಲಗುತ್ತದೋ ಅವರೇ ಪೋಷಕರ ಫಾರಂಗೆ ಉತ್ತರ ಕೊಡಬೇಕು. ಒಪ್ಪಿಗೆ ಮಾತ್ರ ಅಪ್ಪ ಅವ್ವನದು. ಅವರು ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಫೋನ್ ಮಾಡಿ ಎಲ್ಲ ವಿವರಿಸಿ ಕೇಳಿದೆವು. ಫಾರಂ ಮೇಲೆ ಉತ್ತರ ಕೊಟ್ಟವರು ಮಗುವಿಗೆ ಏನಾಗಬೇಕು, ಮಗು ಎಷ್ಟು ತಿಂಗಳಿಂದ ಅವರ ಹತ್ತಿರ ಇದೆ ಅಂತ ಬರೆದಿಟ್ಟೆವು. ಇದನ್ನು ಬರೆಯದ ಅಂಕವನ್ನು ನಾನು ನಂಬುವುದಿಲ್ಲ.

ಅಜ್ಜಿಯರಿಗೆ ಓದು ಬರೋದಿಲ್ಲ, ನಾವೇ ಓದಿ ಹೇಳಬೇಕು. ಮೊದಲು ಕೆಲವರ ಹತ್ತಿರ ಕೇಳಿ ನೋಡಿದ ಪೂರ್ವ ಪರೀಕ್ಷೆಯಲ್ಲಿ ಪ್ರತಿ ಉತ್ತರದ ನಂತರ ಯಾಕೆ ಹಾಗೆ ಅನ್ನಿಸಿತು ಅಂತ ಕೆದಕಿ ಕೇಳುತ್ತಿದ್ದೆವು. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಮನೆ ಮುಂದಿನ ಕಟ್ಟೆ ಮೇಲೆ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತಾ ಉತ್ತರ ಕೊಡುತ್ತಿದ್ದರು. ಮೊಮ್ಮಗನಿಗೆ ಬಹಳ ಚಿಂತೆಗಳಿವೆಯಾ ಅನ್ನೋ ವಾಕ್ಯ ಬಂತು. ಕೈ ನಿಲ್ಲಿಸದೆ ಹೇಳಿದರು:

"ಸಣ್ಣ ಹುಡುಗಗ ಎಂಥಾ ಚಿಂತಿ ಯವ್ವಾ? ಚಿಂತಿ ಏನಿದ್ರೂ ನಮಗ."

"ಸಂಜಿಮುಂದ ಏನ್ ಮಾಡ್ತಾನ್ರಿ ಅಜ್ಜಿ?" ಅಂದೆ.

"ಬಸ್ ಬರೋ ಹೊತ್ತಿಗೆ ಕಟ್ಟಿ ಮ್ಯಾಲ ಹೋಗಿ ಕುಂದರ್ತಾನ. ಕರದ್ರ ಬರಂಗಿಲ್ಲ. ಬಂದ್ರ ಹೊಟ್ಟಿ ನೋಯ್ತೈತಿ, ರೊಟ್ಟಿ ಬ್ಯಾಡ ಅಂತಾನ."

ಅಜ್ಜಿ ಎಲ್ಲವನ್ನೂ ನೋಡಿದ್ದರು. ಮಗು ಅಂದರೆ ಚಿಂತೆ ಇಲ್ಲದ್ದು ಅನ್ನೋ ನಂಬಿಕೆ ಮೊದಲು ಉತ್ತರ ಕೊಟ್ಟಿತ್ತು, ಕಣ್ಣಾರೆ ಕಂಡದ್ದು ಹಿಂದೆ ಉಳಿದಿತ್ತು. ಇಂಥ ಉತ್ತರಗಳು ಮತ್ತೆ ಮತ್ತೆ ಬಂದವು. ಆದರೆ ನಿಜವಾದ ಸುತ್ತಿನಲ್ಲಿ ಹೀಗೆ ಕೆದಕುವಂತಿಲ್ಲ. ಒಬ್ಬರನ್ನು ಕೆದಕಿ ಇನ್ನೊಬ್ಬರನ್ನು ಬಿಟ್ಟರೆ ಅಂಕ ಏರುಪೇರಾಗುತ್ತದೆ. ಅದಕ್ಕೆ ಫಾರಂ ತೆಗೆಯುವ ಮುಂಚೆಯೇ ಎಲ್ಲರ ಹತ್ತಿರವೂ ಒಂದೇ ಕ್ರಮದ ಮಾತುಕತೆ ಇಟ್ಟೆವು. ಮಗು ಎದ್ದಾಗಿನಿಂದ ಮಲಗೋವರೆಗೆ ನಿನ್ನೆ ಏನೇನು ಮಾಡಿತು, ಯಾರ ಜೊತೆ ಆಡಿತು, ಏನು ಉಂಡಿತು, ರಾತ್ರಿ ನಿದ್ದೆ ಹೇಗಿತ್ತು. ಕಂಡದ್ದೆಲ್ಲ ಮನಸ್ಸಿಗೆ ಬಂದ ಮೇಲೆ 25 ವಾಕ್ಯ, ಅಕ್ಷರ ಬದಲಿಸದೆ. ನಾವು ಮಾಡಿದ ಎಲ್ಲ ಹೊಂದಾಣಿಕೆಗಳಲ್ಲಿ ಇದಕ್ಕೇ ಜಾಸ್ತಿ ಬೆಲೆ ಅಂತ ನನ್ನ ಅಭಿಪ್ರಾಯ.

ಮೂರು ಉತ್ತರದ ವಿಷಯವೂ ಸುಲಭವಲ್ಲ. ಹಳ್ಳಿಯಲ್ಲಿ ಕೇಳಿದ್ದಕ್ಕೆ "ಹೌದು" ಅಥವಾ "ಇಲ್ಲ" ಅಂತಾರೆ, ನಡುವಿನದನ್ನು ಯಾರೂ ಮುಟ್ಟುವುದಿಲ್ಲ. ಮೂರು ಸ್ಟೀಲ್ ಲೋಟ ಇಟ್ಟೆವು. ಒಂದು ಖಾಲಿ, ಒಂದರಲ್ಲಿ ಅರ್ಧ ನೀರು, ಒಂದು ತುಂಬಿದ್ದು. ಊಟ, ಆಟದಂಥ ಮಾತಿನಲ್ಲಿ ಮೊದಲು ರೂಢಿ ಮಾಡಿಸಿ, ಆಮೇಲೆ ಬಾಯಿಂದ ಹೇಳುವ ಬದಲು ಲೋಟ ಮುಟ್ಟಿ ಅಂದೆವು. ಅರ್ಧ ಲೋಟದ ಮೇಲೂ ಕೈ ಬೀಳತೊಡಗಿತು. ತೊಂದರೆಯ ಗುಂಪುಗಳಲ್ಲೇ ಒಳ್ಳೆಯದನ್ನು ಹೇಳುವ ಐದು ವಾಕ್ಯಗಳಿಗೆ ಅಂಕ ಉಲ್ಟಾ ಹಾಕಬೇಕು, ಹೇಳಿದ ಮಾತು ಕೇಳುತ್ತದೆ, ಒಬ್ಬ ಒಳ್ಳೆಯ ಗೆಳೆಯನಾದರೂ ಇದ್ದಾನೆ ಅನ್ನುವಂಥವು. ಅಂಕ ಕೂಡುವಾಗ ಅಲ್ಲಿ ಎಚ್ಚರ ಬೇಕು.

ಇನ್ನು ಅಂಜಿಕೆ. ಫಾರಂ ಕಂಡ ಕೂಡಲೇ "ಇದು ಯಾವ ಯೋಜನಿ ರೀ?" ಅಂತ ಕೇಳ್ತಾರೆ. ದುಡ್ಡು ಬರುತ್ತದೆ ಅನ್ನಿಸಿದರೆ ತೊಂದರೆ ಜಾಸ್ತಿ ಹೇಳ್ತಾರೆ. ಹಾಸ್ಟೆಲ್ ಸೀಟು ಹೋಗುತ್ತದೆ ಅನ್ನಿಸಿದರೆ ಏನೂ ಇಲ್ಲ ಅಂತಾರೆ. ಹೆಣ್ಣು ಮಗುವಿನ ವಿಷಯವಾದರೆ ನಾಳೆ ಮದುವೆಗೆ ಅಡ್ಡಿಯಾದೀತು ಅನ್ನೋ ಭಯ. ಯೋಜನೆ ಅಲ್ಲ, ಸೀಟಿಗೂ ಸಂಬಂಧ ಇಲ್ಲ, ಫಾರಂ ಮೇಲೆ ಹೆಸರಿರೋದಿಲ್ಲ, ನಂಬರ್ ಮಾತ್ರ ಅಂತ ಮೊದಲೇ ಬಿಡಿಸಿ ಹೇಳಿದೆವು. ಶಿಕ್ಷಕರು, ನೆರೆಯವರು ಎದುರಿಗಿದ್ದರೆ ಕೇಳಲೇ ಇಲ್ಲ. ದೊಡ್ಡ ಮಕ್ಕಳನ್ನು ತರಗತಿಯಲ್ಲಿ ಒಟ್ಟಿಗೆ ಕೂರಿಸದೆ ಒಬ್ಬೊಬ್ಬರನ್ನೇ ಕರೆದೆವು, ಇಲ್ಲದಿದ್ದರೆ ಪಕ್ಕದವನ ಫಾರಂ ನೋಡಿಯೇ ತುಂಬುತ್ತಾರೆ.

ಲಂಬಾಣಿ ತಾಂಡಾಗಳಲ್ಲಿ ಮನೆಮಾತೇ ಬೇರೆ. ದುಭಾಷಿ ಇಟ್ಟು ಸ್ಥಳದಲ್ಲೇ ಹೇಳಿಸಿದರೆ ಪ್ರತಿ ಸಲವೂ ಬೇರೆ ಬೇರೆ ಪ್ರಶ್ನೆಯಾಗುತ್ತದೆ. ಅದಕ್ಕೆ ಎಸ್‌ಡಿಕ್ಯೂ ಅಂಕ ಅಂತ ಹೆಸರು ಕೊಡೋದು ಸರಿಯಲ್ಲ. ಹಾಗಾಗಿ ತಾಂಡಾದ ಪೋಷಕರ ಹತ್ತಿರ ಅಂಕ ಹಾಕಲೇ ಇಲ್ಲ. ತಾಂಡಾದಲ್ಲೇ ಓದಿ ಬೆಳೆದ ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು ದಿನಚರಿಯ ಮಾತುಕತೆ ಮಾತ್ರ ಮಾಡಿ, ಸಂಶಯ ಬಂದ ಮಕ್ಕಳನ್ನು ನೇರವಾಗಿ ಮುಂದಿನ ತಪಾಸಣೆಗೆ ಕಳಿಸಿದೆವು.

ಅಂಕದ ಗಡಿ ಕೊನೆಯ ಪ್ರಶ್ನೆ. ಪೋಷಕರ ಫಾರಂನಲ್ಲಿ 0ಯಿಂದ 13 ಸಾಮಾನ್ಯ, 14ರಿಂದ 16 ಗಡಿಯಲ್ಲಿ, 17 ಮತ್ತು ಮೇಲೆ ಗಮನ ಬೇಕು ಅಂತ ಮೊದಲಿನಿಂದ ಬಂದ ಪಟ್ಟಿ. ಬ್ರಿಟನ್ನಿನ ಮಕ್ಕಳಲ್ಲಿ ಸುಮಾರು ಶೇ. 80 ಮಂದಿ ಮೊದಲ ಗುಂಪಿಗೆ, ಉಳಿದೆರಡಕ್ಕೆ ಶೇ. 10ರಂತೆ ಬರುವ ಹಾಗೆ ಹಾಕಿದ ಗೆರೆ ಅದು. ಕೊಪ್ಪಳದ ಮಕ್ಕಳಿಗೂ ಅದೇ ಗೆರೆ ಅಂತ ಸುಮ್ನೆ ಒಪ್ಪಲು ಕಾರಣವಿಲ್ಲ. ಅಂಕ ಜಾಸ್ತಿ ಬಂದವರು, ಕಮ್ಮಿ ಬಂದವರು ಎರಡೂ ಗುಂಪಿನಿಂದ ಕೆಲವು ಮಕ್ಕಳನ್ನು ಆರಿಸಿ, ಅಂಕ ಗೊತ್ತಿಲ್ಲದ ಮನೋವೈದ್ಯರಿಂದ ಸಂದರ್ಶನ ಮಾಡಿಸಿದರೆ ಮಾತ್ರ ನಮ್ಮ ಗೆರೆ ಎಲ್ಲಿದೆ ಅಂತ ತಿಳಿಯುತ್ತದೆ. ಆ ಕೆಲಸ ಇನ್ನೂ ನಡೆಯುತ್ತಿದೆ. ಅಲ್ಲಿವರೆಗೆ ಅಂಕವನ್ನು ಜರಡಿಯ ಹಾಗೆ ಬಳಸುತ್ತಿದ್ದೇವೆ, ರೋಗದ ಹೆಸರು ಹೇಳಲು ಬಳಸುತ್ತಿಲ್ಲ. ತಲೆನೋವು, ಹೊಟ್ಟೆನೋವಿನ ವಾಕ್ಯಕ್ಕೆ ತುಂಬಿದ ಲೋಟ ಮುಟ್ಟಿದವರ ಮಕ್ಕಳಿಗೆ ಮೊದಲು ರಕ್ತಹೀನತೆ, ಜಂತುಹುಳುವಿನ ತಪಾಸಣೆ ಮಾಡಿಸುತ್ತೇವೆ. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರ್ತಾರಾ ಅಂತಲೂ ಕೇಳುತ್ತೇವೆ.

ಕಳಿಸಲು ಜಾಗ ಇಲ್ಲದ ಕಡೆ ಪ್ರಶ್ನಾವಳಿ ಹಿಡಿದು ಹೋಗಲೇಬಾರದು. ಈ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಬೇರಿದೆ. 1985ರಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡಿಸಿ ನೋಡಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಈಗ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ತೊಂದರೆಗಳಿಗೆ ಮನೋಚೈತನ್ಯ ಕ್ಲಿನಿಕ್ ಇದೆ, ಫೋನಿನಲ್ಲಿ ಸಲಹೆ ಕೊಡುವ 14416 ಟೆಲಿ ಮಾನಸ್ ಸಹಾಯವಾಣಿ ಇದೆ. ಆದರೆ ಮಂಗಳವಾರ ಅಜ್ಜಿಗೂ ಕೂಲಿ ಇರುತ್ತದೆ. ಹಾಗಾಗಿ ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ, ಒಂದೇ ಊರಿನ ಎರಡು ಮೂರು ಮಕ್ಕಳನ್ನು ಅಜ್ಜಿಯರ ಜೊತೆ ಒಂದೇ ದಿನ ಕರೆತರುವ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಮುಂದಿನ ಸುತ್ತನ್ನು ಹತ್ತಿ ಬಿಡಿಸುವ ತಿಂಗಳುಗಳು ಕಳೆದ ಮೇಲೆ ಇಟ್ಟಿದ್ದೇವೆ, ಆಗ ದೊಡ್ಡ ಮಕ್ಕಳೂ ಶಾಲೆಯಲ್ಲಿ ಸಿಗುತ್ತಾರೆ.