ಆಸ್ಪತ್ರೆ ಸಿಸ್ಟಮ್ ಡೌನ್ ಆಗೋಕ್ಮುಂಚೆ ಗೊತ್ತಾಗ್ಬೇಕಂದ್ರೆ

ಸರ್ವರ್ ಪಿಂಗ್ ಆಗ್ತಿದೆ, ಅಂದ್ರೆ ಕರೆದ್ರೆ ಉತ್ತರ ಕೊಡ್ತಿದೆ, ಅಂದ ಮಾತ್ರಕ್ಕೆ ಎಲ್ಲಾ ಸರಿಯಿದೆ ಅಂತೇನಲ್ಲ. ಸರ್ವರ್ ಮೇಲೆ ಕಣ್ಣಿಡೋ ಜ್ಯಾಬಿಕ್ಸ್ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ಫ್ರೀಯಾಗೇ ಸಿಗತ್ತೆ, ಹಾಕೊಂಡು ಮೊದ್ಲು ಡಿಸ್ಕ್ ನೋಡಿ, ಸಿಟಿ, ಎಂಆರ್‌ಐ ಇಮೇಜ್ ಇಡೋ ಪ್ಯಾಕ್ಸ್ ಸರ್ವರ್ ಬೇಗ ತುಂಬತ್ತೆ, 80%ಗೇ ಅಲರ್ಟ್ ಇಡಿ, 95ಕ್ಕಿಟ್ರೆ ಏನ್ ಮಾಡೋಕೂ ಟೈಮ್ ಇರಲ್ಲ.

ಆಮೇಲೆ ಲ್ಯಾಬ್ ರಿಪೋರ್ಟ್ ಸಾಗಿಸೋ ಎಚ್‌ಎಲ್7 (ಆಸ್ಪತ್ರೆ ಸಿಸ್ಟಮ್‌ಗಳು ಒಂದಕ್ಕೊಂದು ಮಾಹಿತಿ ಕಳ್ಸೋ ಫಾರ್ಮ್ಯಾಟ್) ಮೆಸೇಜ್‌ಗಳ ಕ್ಯೂ ನೋಡಿ. ಇದನ್ನ ಜಾಸ್ತಿ ಜನ ಮರ್ತೇಬಿಡ್ತಾರೆ! ಡ್ಯಾಶ್‌ಬೋರ್ಡಲ್ಲಿ ಎಲ್ಲಾ ಹಸಿರು, ಆದ್ರೆ ಮೆಸೇಜ್ ಮಧ್ಯದಲ್ಲೇ ಸಿಕ್ಕಾಕೊಂಡು, ವಾರ್ಡಿಂದ ಸಿಸ್ಟರ್ "ಪೊಟ್ಯಾಶಿಯಂ ರಿಪೋರ್ಟ್ ಎಲ್ಲಿ" ಅಂತ ಫೋನ್ ಮೇಲೆ ಫೋನ್. ಹಗಲು ಹತ್ತು ನಿಮಿಷ ಒಂದೂ ಮೆಸೇಜ್ ಹೋಗ್ದಿದ್ರೆ ಎಸ್ಸೆಮ್ಮೆಸ್ ಬರೋ ಥರ ಮಾಡಿ, ರಾತ್ರಿಗೆ ಗ್ಯಾಪ್ ಜಾಸ್ತಿ ಇರ್ಲಿ.

ಪ್ಯಾಚ್ (ಸಾಫ್ಟ್‌ವೇರ್ ಲೋಪ ಸರಿಮಾಡೋ ಅಪ್‌ಡೇಟ್) ಬಾಕಿ ಇರೋ ಪಿಸಿಗಳ ಲಿಸ್ಟೂ ವಾರವಾರ ತೆಗೀರಿ, 2017ರ ಮೇನಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನ್ನಾಕ್ರೈ ವೈರಸ್ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೊಡೀತಲ್ಲ, ಅದಕ್ಕೆ ಪ್ಯಾಚ್ ಮಾರ್ಚಲ್ಲೇ ಬಂದಿತ್ತು. ಮಾನಿಟರಿಂಗ್ ಸಾಫ್ಟ್‌ವೇರನ್ನ ಮಾತ್ರ ಅದು ಕಣ್ಣಿಟ್ಟಿರೋ ಸರ್ವರಲ್ಲೇ ಇಡ್ಬೇಡಿ.