ಕ್ವಾದ್ರಾ ಎಣಿಸುತ್ತಾ ಬ್ಯೂನಸ್ ಐರಿಸ್ ನಡೆದದ್ದು

ಮೊದಲ ದಿನವೇ ದಾರಿ ತಪ್ಪಿತು. ಅದೂ ಸೂರ್ಯನನ್ನು ನಂಬಿ.

ಬ್ಯೂನಸ್ ಐರಿಸ್ ಅಂದರೆ ಅರ್ಜೆಂಟೀನಾದ ರಾಜಧಾನಿ. ಊರಿನ ನಡುವೆ ಪ್ಲಾಸಾ ದೆ ಮಾಯೋ ಅಂತ ಒಂದು ದೊಡ್ಡ ಚೌಕ ಇದೆ. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಸ್ಯಾನ್ ತೆಲ್ಮೋ ಎಂಬ ಹಳೇ ಬಡಾವಣೆ. ನಾನೂ ಅಕ್ಕನೂ ಅಲ್ಲಿಗೆ ಹೊರಟಿದ್ದೆವು. ಬೀದಿಯಲ್ಲಿ ಫೋನ್ ಕೈಯಲ್ಲಿ ಹಿಡಿದು ಓಡಾಡಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ ಅಂತ ನಾವು ಉಳಿದುಕೊಂಡಿದ್ದ ಮನೆಯಾಕೆ ಹೇಳಿದ್ದರು, ಹಾಗಾಗಿ ಫೋನ್ ಬ್ಯಾಗಿನ ತಳ ಸೇರಿತ್ತು. ನವೆಂಬರ್ ತಿಂಗಳು, ಮಧ್ಯಾಹ್ನದ ಹೊತ್ತು. ಸೂರ್ಯ ಈಗ ದಕ್ಷಿಣಕ್ಕೆ ವಾಲಿರುತ್ತಾನೆ ಅಲ್ವಾ, ಬೆಂಗಳೂರಲ್ಲಿ ಮಹಡಿ ಮೇಲೆ ಬಟ್ಟೆ ಒಣಗಿಸುವ ಯಾರಿಗಾದರೂ ಗೊತ್ತಿರೋ ವಿಷಯ. ಸೂರ್ಯನ ಕಡೆಗೇ ನಡೆದೆವು. ನಾಲ್ಕು ಬೀದಿ ದಾಟಿದರೂ ಬ್ಯಾಂಕುಗಳೇ ಬ್ಯಾಂಕು, ಟೈ ಕಟ್ಟಿಕೊಂಡ ಜನ. ಹಳೇ ಮನೆ ಒಂದೂ ಇಲ್ಲ. ನಾವು ಹುಡುಕುತ್ತಿದ್ದ ಬೀದಿ ದೆಫೆನ್ಸಾ, ಬೋರ್ಡಿನಲ್ಲಿ ಇದ್ದದ್ದು ರೆಕೊನ್ಕೀಸ್ತಾ.

ಆಗ ಹೊಳೆಯಿತು. ನಾವಿರುವುದು ಭೂಮಧ್ಯರೇಖೆಯ ಆ ಕಡೆ! ಇಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ಉತ್ತರಕ್ಕೇ ಇರುತ್ತಾನೆ. ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮೂಲೆಯಲ್ಲಿ ಒಂದು ಪೇಪರ್ ಅಂಗಡಿ. ಅದರ ಯಜಮಾನರಿಗೆ ಇಂಗ್ಲಿಷ್ ಬಾರದು, ನಮಗೆ ಸ್ಪ್ಯಾನಿಷ್ ಬಾರದು. "ಪ್ಲಾಸಾ ದೆ ಮಾಯೋ" ಅಂದೆ. "ಆ, ಮಾಶೋ!" ಅಂದರು. ಈ ಊರಲ್ಲಿ ಬರೆಯುವುದು ಯ, ಹೇಳುವುದು ಶ. ಹಳೇ ಪೇಪರಿನ ಅಂಚಿನ ಮೇಲೆ ಅಡ್ಡಡ್ಡ ಒಂದು ಗೆರೆ ಎಳೆದು ರಿವಾದಾವಿಯಾ ಅಂತ ಬರೆದರು. ಅದಕ್ಕೆ ಅಡ್ಡವಾಗಿ ಉದ್ದಕ್ಕೆ ಇನ್ನೊಂದು ಗೆರೆ, ಮೇಲಿನ ತುದಿಯಲ್ಲಿ ರೆಕೊನ್ಕೀಸ್ತಾ, ಕೆಳಗಿನ ತುದಿಯಲ್ಲಿ ದೆಫೆನ್ಸಾ. ಎರಡೂ ಸೇರುವ ಜಾಗದಲ್ಲಿ ಒಂದು ಸೊನ್ನೆ. ಆಮೇಲೆ ಮೇಲಕ್ಕೆ 100, 200, 300. ಕೆಳಕ್ಕೂ 100, 200, 300. ಪೇಪರ್ ಹರಿದು ನಮಗೇ ಕೊಟ್ಟರು.

ಮುಂದಿನ ಐದು ದಿನ ನಾವು ಊರು ಸುತ್ತಿದ್ದು ಆ ಪೇಪರ್ ಚೂರಿನ ಬಲದ ಮೇಲೆ. ಹೇಗೆ ಅಂತ ಹೇಳುತ್ತೇನೆ.

ಬ್ಯೂನಸ್ ಐರಿಸ್‌ನ ಹಳೇ ಭಾಗ ಪೂರ್ತಿ ಚೌಕಾಬಾರದ ಮನೆ ಇದ್ದ ಹಾಗೆ. ಒಂದು ಚೌಕದ ಒಂದು ಬದಿಗೆ ಕ್ವಾದ್ರಾ ಅನ್ನುತ್ತಾರೆ, ಹತ್ತಿರ ಹತ್ತಿರ ನೂರು ಮೀಟರ್. ಒಂದು ಕ್ವಾದ್ರಾಗೆ ನೂರು ಮನೆ ನಂಬರ್. ಅಷ್ಟು ಮನೆ ಇರುತ್ತವೆ ಅಂತಲ್ಲ, ನಂಬರ್ ಏರುವುದು ಹಾಗೆ. ಉತ್ತರ ದಕ್ಷಿಣ ಹೋಗುವ ಬೀದಿಗಳಿಗೆ ರಿವಾದಾವಿಯಾ ಬೀದಿಯೇ ಸೊನ್ನೆ. ಅದನ್ನು ದಾಟಿದ ಕೂಡಲೇ ಬೀದಿಯ ಹೆಸರೂ ಬದಲಾಗುತ್ತದೆ, ಫ್ಲೋರಿದಾ ಇದ್ದದ್ದು ಪೆರು ಆಗುತ್ತದೆ. ಪೂರ್ವ ಪಶ್ಚಿಮ ಹೋಗುವ ಬೀದಿಗಳ ಎಣಿಕೆ ನದಿಯ ಕಡೆಯಿಂದ ಶುರು. ಅಂದರೆ ಬಾಗಿಲ ಮೇಲಿನ ನಂಬರ್ ಬರೀ ವಿಳಾಸ ಅಲ್ಲ, ಎಷ್ಟು ದೂರ ಅನ್ನೋದೂ ಅದರಲ್ಲೇ ಇದೆ. ಅಧ್ಯಕ್ಷರ ಕಚೇರಿ ಕಾಸಾ ರೋಸಾದಾ, ಆ ಗುಲಾಬಿ ಬಣ್ಣದ ಕಟ್ಟಡ, ಅದರ ವಿಳಾಸ ಬಾಲ್ಕಾರ್ಸೆ 50. ರಿವಾದಾವಿಯಾದಿಂದ ಅರ್ಧ ಕ್ವಾದ್ರಾ. ಅಷ್ಟೇ.

ಹಳೆ ನಂಬರ್, ಹೊಸ ನಂಬರ್, ಬೈ ಒಂದು, ಬೈ ಎರಡು, ಗಣೇಶನ ಗುಡಿ ಎದುರು ಅಂತ ವಿಳಾಸ ಹೇಳುವ ಊರಿಂದ ಹೋದ ನಮಗೆ ಇದು ಪವಾಡ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಇದರ ನಿಜವಾದ ಲಾಭ ಆದದ್ದು ಅಕ್ಕನಿಗೆ. ಅವಳಿಗೆ ಅರವತ್ತು ದಾಟಿದೆ, ಮಂಡಿ ನೋವು. ನಡೆಯುವುದಕ್ಕೆ ಬೇಜಾರಿಲ್ಲ, ಎಷ್ಟು ನಡೆಯಬೇಕು ಅಂತ ಗೊತ್ತಾಗದಿದ್ದರೆ ಸಿಟ್ಟು. "ಇಲ್ಲೇ ಹತ್ತಿರ ಅಂತ ಹೇಳಬೇಡ ಕಣೇ, ನಿನ್ನ ಹತ್ತಿರ ನನಗೆ ಗೊತ್ತು" ಅನ್ನುತ್ತಾಳೆ. ಈಗ ಅವಳೇ ಲೆಕ್ಕ ಹಾಕತೊಡಗಿದಳು. ಅವೆನೀದಾ ದೆ ಮಾಯೋದಲ್ಲಿ ತೊರ್ತೋನಿ ಎಂಬ ಕಾಫಿ ಹೋಟೆಲಿದೆ, 1858ರದ್ದು, ನಂಬರ್ 825. ಹೊರಗೆ ಉದ್ದ ಕ್ಯೂ ಇತ್ತು, ನಾವು ನಿಲ್ಲಲಿಲ್ಲ. ಅದೇ ಬೀದಿಯಲ್ಲಿ ಬರೋಲೋ ಕಟ್ಟಡ, 1370. "ಐದೂವರೆ" ಅಂದಳು. ಐದೂವರೆಯೇ.

ನಡುವೆ ನುವೆವೆ ದೆ ಹೂಲಿಯೋ ರಸ್ತೆ ದಾಟಬೇಕು. ಅಗಲ ಸುಮಾರು 140 ಮೀಟರ್. ಒಂದೇ ಹಸಿರು ದೀಪದಲ್ಲಿ ದಾಟುತ್ತೇವೆ ಅನ್ನೋ ಹಟ ಬೇಡ. ನಡುವೆ ಗಿಡಮರಗಳ ಪಟ್ಟಿಗಳಿವೆ, ನಿಂತು ನಿಂತು ದಾಟಿ. ನಾವು ಮೂರು ಕಂತಿನಲ್ಲಿ ದಾಟಿದೆವು. ಬಲಕ್ಕೆ ತಿರುಗಿ ನೋಡಿದರೆ ಅದೇ ರಸ್ತೆಯ ನಡುವೆ ದೂರದಲ್ಲಿ ಒಬೆಲಿಸ್ಕೋ, 1936ರಲ್ಲಿ ಕಟ್ಟಿದ ಬಿಳಿ ಸ್ತಂಭ. ಎರಡೂ ಬದಿಗೆ ಜಕರಂಡ ಮರಗಳು, ಮೈತುಂಬಾ ನೀಲಿ. ಅಕ್ಕ ನಿಂತೇಬಿಟ್ಟಳು. ನಮ್ಮಲ್ಲಿ ಇದು ಫೆಬ್ರವರಿ ಮಾರ್ಚ್ ಹೂವು, ಇಲ್ಲಿ ನವೆಂಬರ್‌ಗೆ ವಸಂತ. ಹಾಗೆ ನೋಡಿದರೆ ಮರ ಅವರದ್ದೇ. ಈ ದೇಶದ ಉತ್ತರ ಭಾಗದಿಂದ, ಬೊಲಿವಿಯಾ ಕಡೆಯಿಂದ ಜಗತ್ತೆಲ್ಲ ಸುತ್ತಿ ಬೆಂಗಳೂರಿಗೂ ಬಂದಿದೆ. ಈ ಊರಿನ ಬೀದಿಗಳಿಗೆ ಅದನ್ನು ತಂದು ನೆಡಿಸಿದ್ದು ಕಾರ್ಲೋಸ್ ತಾಯ್ಸ್ ಎಂಬ ಫ್ರಾನ್ಸ್‌ನವರು. ನಮಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಇದ್ದರಲ್ಲ, ಹಾಗೆ.

ಬರೋಲೋಗೆ ಟಿಕೆಟ್ ತೆಗೆದು ಗೈಡ್ ಜೊತೆ ಮೇಲೆ ಹೋಗಬಹುದು. 1923ರಲ್ಲಿ ಮುಗಿದ ಕಟ್ಟಡ, ನರಕದಿಂದ ಸ್ವರ್ಗದ ತನಕ ಹೋಗುವ ಕಥೆ ಹೇಳುವ ಇಟಲಿಯ ಕವಿ ಡಾಂಟೆಯ ಮಹಾಕಾವ್ಯದ 100 ಸರ್ಗಗಳ ಲೆಕ್ಕಕ್ಕೆ 100 ಮೀಟರ್ ಎತ್ತರ. ಕೆಳಗೆ ನರಕ, ಮೇಲೆ ಸ್ವರ್ಗ, ತುದಿಯಲ್ಲಿ ದೀಪಸ್ತಂಭ. ಹಳೇ ಲಿಫ್ಟ್ ಇದೆ, ಆದರೆ ಕೊನೆಯ ಮೆಟ್ಟಿಲುಗಳು ಇಕ್ಕಟ್ಟು, ಮಂಡಿ ನೋವಿನವರಿಗೆ ಬೇಡ. ಅಕ್ಕ ಸ್ವರ್ಗಕ್ಕೆ ಸ್ವಲ್ಪ ಕೆಳಗೇ ಕೂತಳು. "ನೀನು ಹೋಗಿ ಬಾ, ನನಗೇನು ಅವಸರ ಇಲ್ಲ."

ಕೆಳಗೆ ಬಂದಾಗ ಇಬ್ಬರಿಗೂ ಹಸಿವು. ಕೊರ್ರಿಯೆಂತೆಸ್ ಬೀದಿಯ ಗ್ವೆರ್ರೀನ್ ಎಂಬ ಪಿಜ್ಜಾ ಹೋಟೆಲಿನ ವಿಳಾಸ ಬರೆದುಕೊಂಡಿದ್ದೆ, ನಂಬರ್ 1368. ಅಕ್ಕ ಆ ಚೀಟಿ ನೋಡಿದಳು, ಬರೋಲೋ ಬಾಗಿಲು ನೋಡಿದಳು. 1370. "ಎರಡೂ ಬೀದಿ ನದಿ ಕಡೆಯಿಂದಲೇ ಎಣಿಕೆ ತಾನೇ? ಹಾಗಾದರೆ ಪಿಜ್ಜಾ ಇಲ್ಲಿಂದ ನೆಟ್ಟಗೆ ಉತ್ತರಕ್ಕೆ." ನಾನು ನಂಬಲಿಲ್ಲ. ಪಕ್ಕದ ಬೀದಿ ಸ್ಯಾನ್ ಹೋಸೆ. ರಿವಾದಾವಿಯಾ ದಾಟುತ್ತಲೇ ಅದು ಉರುಗ್ವಾಯ್ ಆಯಿತು. ಅದೇ ಬೀದಿಯಲ್ಲಿ, ಈ ಸಲ ಸೂರ್ಯನ ಕಡೆಗೆ ಅಂತ ಗೊತ್ತಿದ್ದೇ, ನಡೆದೆವು. ಕೊರ್ರಿಯೆಂತೆಸ್ ಬಂತು. ಬಲಕ್ಕೆ ತಿರುಗಿದರೆ ಗ್ವೆರ್ರೀನ್ ಬೋರ್ಡು. ನಕ್ಕು ನಕ್ಕು ಸಾಕಾಯಿತು.

ಅಲ್ಲಿ ಕೂತು ತಿನ್ನುವವರ ಕ್ಯೂ ಬೇರೆ, ನಿಂತು ತಿನ್ನುವವರ ಕೌಂಟರ್ ಬೇರೆ. ನಿಂತೇ ತಿನ್ನಿ, ನಮ್ಮ ದರ್ಶಿನಿ ಅಂದುಕೊಳ್ಳಿ. ಫುಗಸೆತಾ ಅಂತ ಕೇಳಿ: ಚೀಸ್ ಮೇಲೆ ರಾಶಿ ಈರುಳ್ಳಿ, ಮಾಂಸ ಇರುವುದಿಲ್ಲ, ಆದರೂ ಒಂದು ಸಲ ಕೇಳಿಕೊಳ್ಳಿ. ಜೊತೆಗೆ ಫಾಯಿನಾ. ಹಳದಿ ಬಣ್ಣದ ತೆಳು ತ್ರಿಕೋನದ ಚೂರು, ಪಿಜ್ಜಾ ಮೇಲೆ ಅದನ್ನು ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ಕಚ್ಚುತ್ತಾರೆ. ಅಕ್ಕ ಮೊದಲು ಅದೊಂದನ್ನೇ ಮುರಿದು ಬಾಯಿಗೆ ಹಾಕಿಕೊಂಡಳು. ಅಂಚು ಗರಿಗರಿ, ನಡುವೆ ಮೆತ್ತಗೆ. ಒಂದು ಕ್ಷಣ ಸುಮ್ಮನಿದ್ದು, "ಲೇ, ಇದು ಕಡಲೆಹಿಟ್ಟು ಕಣೇ!" ಅಂದಳು. ಹೌದು, ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಓವನ್ನಿನಲ್ಲಿ ಬೇಯಿಸುವುದು, ಇಟಲಿಯ ಜೆನೊವಾ ಕಡೆಯಿಂದ ಬಂದವರು ತಂದ ತಿಂಡಿ. ಒಗ್ಗರಣೆ ಒಂದಿದ್ದಿದ್ದರೆ ಅಂತ ಅವಳ ಕೊರಗು. ಬ್ಯಾಗಿನಿಂದ ಚಟ್ನಿಪುಡಿ ಹೊರಗೆ ಬಂತು, ಅಷ್ಟೇ ಹೇಳುತ್ತೇನೆ.

ಕಾಲಡಿ ನೋಡಿಕೊಂಡು ನಡೆಯುವುದು ಇಲ್ಲಿ ತುಂಬಾ ಮುಖ್ಯ. ಫುಟ್‌ಪಾತಿಗೆ ಸಣ್ಣ ಸಣ್ಣ ಚೌಕದ ಹಾಸುಬಿಲ್ಲೆ, ಎಷ್ಟೋ ಬಿಲ್ಲೆಗಳು ಸಡಿಲ. ರಾತ್ರಿ ಮಳೆ ಬಂದಿದ್ದರೆ ಅಡಿಯಲ್ಲಿ ಕೊಳಕು ನೀರು ತುಂಬಿಕೊಂಡು ಸುಮ್ನೆ ಕಾಯುತ್ತಿರುತ್ತದೆ. ನೋಡೋಕೆ ಒಣಗಿದ ಬಿಲ್ಲೆ, ಕಾಲಿಟ್ಟರೆ ಪಿಚಕಾರಿ. ನನ್ನ ಬಿಳಿ ಪ್ಯಾಂಟು ಮೂರನೇ ದಿನ ಹೋಯಿತು. ಬಿಳಿ ಪ್ಯಾಂಟ್ ಯಾಕೆ ತಂದೆ ಅಂತ ಅಕ್ಕ ಕೇಳಿದಳು, ಉತ್ತರ ಇರಲಿಲ್ಲ. ಹಾಗೆ ನೆಲ ನೋಡಿಕೊಂಡು ನಡೆಯುವಾಗಲೇ ಒಂದು ಬಾಗಿಲ ಮುಂದೆ ಬೇರೆ ಥರದ ಬಿಲ್ಲೆ ಕಂಡಿತು. ಬಣ್ಣದ ಚೂರುಗಳ ನಡುವೆ ಒಂದು ಹೆಸರು, ತಾರೀಖು, ಇಲ್ಲಿ ವಾಸವಾಗಿದ್ದರು ಎಂಬ ಅಕ್ಷರ. 1976ರಿಂದ 1983ರವರೆಗೆ ಇಲ್ಲಿ ಸೇನೆಯ ಆಡಳಿತ ಇತ್ತು. ಆಗ ಎಳೆದೊಯ್ದು ಮತ್ತೆ ಕಾಣಿಸದೆ ಹೋದವರ ನೆನಪಿಗೆ ಬಡಾವಣೆಯ ಜನರೇ ಸೇರಿ ಮಾಡಿ ಹಾಕಿದ ಬಿಲ್ಲೆಗಳಿವು. ಒಂದು ಕಂಡ ಮೇಲೆ ಎಲ್ಲ ಕಡೆ ಕಾಣತೊಡಗಿದವು.

ಗುರುವಾರ ನಿಮಗೆ ಊರಲ್ಲಿ ಸಿಕ್ಕರೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ ಮೂರೂವರೆಗೆ ಪ್ಲಾಸಾ ದೆ ಮಾಯೋಗೆ ಹೋಗಿ. ಹೀಗೆ ಕಾಣೆಯಾದವರ ತಾಯಂದಿರು 1977ರ ಏಪ್ರಿಲ್ 30ರಂದು ಅಲ್ಲಿ ಮೊದಲ ಸಲ ಸೇರಿದರು, ಹದಿನಾಲ್ಕು ಜನ. ಗುಂಪು ಸೇರಬಾರದು, ನಡೆಯಿರಿ ಅಂತ ಪೊಲೀಸರು ಗದರಿದರು. ಸರಿ ಅಂತ ನಡೆದರು. ಚೌಕದ ನಡುವಿನ ಸಣ್ಣ ಸ್ತಂಭದ ಸುತ್ತ, ಇಬ್ಬಿಬ್ಬರಾಗಿ. ಆ ನಡಿಗೆ ಇನ್ನೂ ನಿಂತಿಲ್ಲ. ತಲೆಗೆ ಕಟ್ಟಿಕೊಳ್ಳುವ ಬಿಳಿ ಬಟ್ಟೆಯೇ ಅವರ ಗುರುತು, ಮೊದಮೊದಲು ಅವು ಮಕ್ಕಳ ಲಂಗೋಟಿ ಬಟ್ಟೆಗಳಾಗಿದ್ದವಂತೆ. ನೆಲದ ಮೇಲೂ ಅದೇ ಚಿತ್ರ ಬರೆದಿದ್ದಾರೆ. ನಾವು ಹೋದ ದಿನ ತುಂಬಾ ವಯಸ್ಸಾದವರೊಬ್ಬರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ, ಹಿಂದೆ ಬರುವವರು "ಪ್ರೆಸೆಂತೆ" ಅನ್ನುತ್ತಾರೆ, ಹಾಜರು ಅಂತ. ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಅಕ್ಕ ಯಾವಾಗ ಒಳಗೆ ಸೇರಿಕೊಂಡಳೋ ಗೊತ್ತಾಗಲಿಲ್ಲ, ಎರಡು ಸುತ್ತು ಹಾಕಿದಳು. ಮಂಡಿ ಬಗ್ಗೆ ಆ ದಿನ ಮಾತೇ ಆಡಲಿಲ್ಲ.

ಅದೇ ಚೌಕದ ಪಶ್ಚಿಮ ಬದಿಯಲ್ಲಿ ಕಬೀಲ್ದೋ ಇದೆ, ಸ್ಪೇನ್ ಕಾಲದ ಆಡಳಿತ ಕಚೇರಿ. ಕಮಾನು ಎಣಿಸಿ. ಹನ್ನೊಂದು ಇದ್ದದ್ದು ಐದು ಉಳಿದಿವೆ. ಒಂದು ಕಡೆ ಮೂರನ್ನು ಅವೆನೀದಾ ದೆ ಮಾಯೋಗೋಸ್ಕರ ಕೆಡವಿದರು, ಇನ್ನೊಂದು ಕಡೆ ಮೂರನ್ನು ಓರೆ ರಸ್ತೆಗೋಸ್ಕರ. ರಸ್ತೆ ನೆಟ್ಟಗೆ ಹೋಗಬೇಕು ಅಂದರೆ ಹೋಗಲೇಬೇಕು ಈ ಊರಲ್ಲಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸ್ಯಾನ್ ತೆಲ್ಮೋಗೆ ಭಾನುವಾರವೇ ಹೋಗಿ. ದೆಫೆನ್ಸಾ ಬೀದಿ ಉದ್ದಕ್ಕೂ ಸಂತೆ ಸೇರುತ್ತದೆ, ಹಳೇ ಸೈಫನ್ ಬಾಟಲಿಯಿಂದ ಹಿಡಿದು ಬೆಳ್ಳಿ ಚಮಚದ ತನಕ. ಹನ್ನೊಂದು ಕ್ವಾದ್ರಾ ನಡೆದರೆ ಪ್ಲಾಸಾ ದೊರ್ರೇಗೋ, ಜನಜಂಗುಳಿ ಜಾಸ್ತಿ, ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಿ. ಲಾ ಬೋಕಾದ ಬಣ್ಣದ ತಗಡಿನ ಮನೆಗಳಿಗೆ ಸ್ಯಾನ್ ತೆಲ್ಮೋದಿಂದ ನಡೆದು ಹೋಗಬೇಡಿ, ಬಸ್ ಹಿಡಿಯಿರಿ. ಬಸ್ಸಿಗೂ ಮೆಟ್ರೋಗೂ ಸೂಬೆ ಎಂಬ ಒಂದೇ ಕಾರ್ಡು ಸಾಕು. ಫ್ಲೋರಿದಾ ಬೀದಿಯಲ್ಲಿ "ಕಾಂಬ್ಯೋ, ಕಾಂಬ್ಯೋ" ಅಂತ ದುಡ್ಡು ಬದಲಿಸುವವರು ಕೂಗುತ್ತಿರುತ್ತಾರೆ, ತಲೆ ಎತ್ತದೆ ನಡೆಯಿರಿ. ಬಿಸಿಲು ಜಾಸ್ತಿ ಅನ್ನಿಸಿದರೆ ಪೂರ್ವ ಪಶ್ಚಿಮ ಬೀದಿಯಲ್ಲಿ ಉತ್ತರದ ಬದಿಯ ಫುಟ್‌ಪಾತ್ ಹಿಡಿಯಿರಿ, ನೆರಳು ಅಲ್ಲೇ ಬೀಳುವುದು. ಇದನ್ನು ನಾನು ಮರೆಯುವುದಿಲ್ಲ.

ಕೊನೆಯ ಸಂಜೆ ಸಾಂತಾ ಫೆ ಬೀದಿಯ 1860ರಲ್ಲಿದ್ದೆವು. ಹಿಂದೆ ನಾಟಕಶಾಲೆಯಾಗಿದ್ದು ಈಗ ಪುಸ್ತಕದಂಗಡಿಯಾಗಿರುವ ಎಲ್ ಅತೆನೇಯೋ. ಸ್ಟೇಜಿನ ಮೇಲೆ ಕಾಫಿ ಕುಡಿದು ಹೊರಗೆ ಬಂದರೆ ಒಬ್ಬ ಹುಡುಗಿ, ಬೆನ್ನ ಮೇಲೆ ಅವಳಷ್ಟೇ ದೊಡ್ಡ ಬ್ಯಾಗು, ಅಕ್ಕನನ್ನು ಸ್ಪ್ಯಾನಿಷಿನಲ್ಲಿ ಏನೋ ಕೇಳಿದಳು. ನಮಗೆ ಅರ್ಥವಾದದ್ದು ನುವೆವೆ ದೆ ಹೂಲಿಯೋ ಒಂದೇ. ಅಕ್ಕ ತಿರುಗಿ ಬಾಗಿಲ ಮೇಲಿನ ನಂಬರ್ ನೋಡಿದಳು, ತುಟಿ ಅಲ್ಲಾಡಿತು. ಆ ರಸ್ತೆ ಸಿಕ್ಕಿದ್ದು ಸಾವಿರದ ನೂರರ ಹತ್ತಿರ ಅಂತ ಅವಳಿಗೆ ನೆನಪಿತ್ತು. ಎಂಟು ಬೆರಳು ಎತ್ತಿ ತೋರಿಸಿ, "ಕ್ವಾದ್ರಾ" ಅಂದಳು. ಹುಡುಗಿ "ಗ್ರಾಸಿಯಾಸ್, ಸೆನ್ಯೋರಾ" ಅಂತ ಹೊರಟೇ ಹೋದಳು.

"ಯಾವ ಕಡೆ ಅಂತ ಹೇಳಲಿಲ್ಲವಲ್ಲ ಅಕ್ಕ" ಅಂದೆ.

"ನಂಬರ್ ಇಳಿಯೋ ಕಡೆ. ಅಷ್ಟೂ ಗೊತ್ತಾಗಲ್ವಾ ಅವಳಿಗೆ?"