ಹೊಲಿಗೆ ಮಷೀನಿಗೂ ಮುಂಚೆ: ಸ್ವಂತ ದುಡಿಮೆ ಶುರು ಮಾಡುವುದು ಹೇಗೆ?

ಗಂಡ ತೀರಿಕೊಂಡು ಒಂಟಿಯಾದವಳಿಗೆ, ಹೊಡೆತ ತಾಳಲಾರದೆ ಮಕ್ಕಳೊಂದಿಗೆ ತವರಿಗೆ ಬಂದವಳಿಗೆ ಊರವರು ಹೇಳುವುದು ಒಂದೇ ಮಾತು: ‘ಒಂದು ಮಷೀನ್ ಹಾಕ್ಕೊಂಡು ಬಟ್ಟೆ ಹೊಲಿ.’ ಮಾತು ತಪ್ಪಲ್ಲ. ಆದರೆ ಮಷೀನ್ ಬರಬೇಕಾದ್ದು ಕೊನೆಗೆ.

ಮನೆಯಲ್ಲಿರುವುದೇ ಅಪಾಯ ಅನ್ನಿಸಿದರೆ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮೈಸೂರು, ಮಂಡ್ಯ ಎರಡೂ ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆ. ಕೆಲವು ದಿನ ಉಳಿಯಲು ಜಾಗ, ಪೊಲೀಸ್ ಮತ್ತು ವಕೀಲರ ನೆರವು ಒಂದೇ ಕಡೆ ಸಿಗುತ್ತದೆ. ಮೈಸೂರಿನ ಶಕ್ತಿಧಾಮ 1997ರಿಂದ ನೊಂದ ಹೆಣ್ಣುಮಕ್ಕಳಿಗೆ ಆಸರೆಯಾಗಿದೆ. ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದವರ ಪರವಾಗಿ ಒಡನಾಡಿ ಸಂಸ್ಥೆ ದುಡಿಯುತ್ತಿದೆ.

ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ: ಫೋನ್ ನಂಬರ್. ಎಷ್ಟೋ ಹೆಂಗಸರ ಆಧಾರ್‌ಗೆ ಗಂಡನ ನಂಬರೇ ಜೋಡಣೆಯಾಗಿರುತ್ತದೆ. ನೀವು ಅರ್ಜಿ ಹಾಕಿದರೆ ಒಟಿಪಿ ಹೋಗುವುದು ಅವನ ಫೋನಿಗೆ! ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ನಂಬರ್ ಹಾಕಿಸಿ. ಅದಕ್ಕೆ ಬೇರೆ ದಾಖಲೆ ಬೇಡ, ಬೆರಳಚ್ಚು ಮತ್ತು ಸಣ್ಣ ಶುಲ್ಕ ಸಾಕು. ಆಮೇಲೆ ನಿಮ್ಮೊಬ್ಬರ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ಜನಧನ್ ಖಾತೆಗೆ ದುಡ್ಡು ಕಟ್ಟಬೇಕಿಲ್ಲ.

ಈಗ ಕಸುಬು ಯಾವುದು ಅನ್ನುವ ಪ್ರಶ್ನೆ. ಸುಮ್ನೆ ಪಕ್ಕದ ಮನೆಯವರು ಕಲಿತರು ಅಂತ ಕಲಿಯಬೇಡಿ. ನಿಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವವರು ಆಗಲೇ ನಾಲ್ಕು ಜನ ಇದ್ದರೆ ಸೀರೆ ಕುಚ್ಚಿನ ಕಡೆ ನೋಡಿ. ರೇಷ್ಮೆ ದಾರ, ಸೂಜಿ, ಕ್ರೋಶಾ ಕಡ್ಡಿ, ಒಂದಿಷ್ಟು ಮಣಿ ಇದ್ದರೆ ಶುರು ಮಾಡಬಹುದು. ಸೆರಗಿನ ಅಂಚಿಗೆ ಎಳೆ ಕೂಡಿಸಿ, ಒಂದೇ ಅಳತೆಗೆ ಗಂಟು ಹಾಕುವುದರಲ್ಲೇ ಕೈಚಳಕ ಇರುವುದು. ಒಂದು ಗಂಟು ಮೇಲೆ ಕೆಳಗೆ ಆದರೂ ಸೀರೆ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೊದಲು ಹಳೇ ಸೀರೆ ಮೇಲೆ ಕೈ ಕೂರಿಸಿಕೊಳ್ಳಿ. ಹೊತ್ತನ್ನೂ ನೋಡಿಕೊಳ್ಳಬೇಕು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೆಲಸವೂ ಕಡಿಮೆ. ಕಲಿಕೆ ಅಷ್ಟರೊಳಗೆ ಮುಗಿದರೆ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆಗಳು ತಾವಾಗೇ ಬರುತ್ತವೆ.

ಅಡುಗೆಯಲ್ಲಿ ಕೈ ಪಳಗಿದವರು ಉಪ್ಪಿನಕಾಯಿ, ಸಾಂಬಾರ್ ಪುಡಿ ಮಾಡಿ ಮಾರಬಹುದು. ಅದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು, ಶುಲ್ಕ ವರ್ಷಕ್ಕೆ 100 ರೂಪಾಯಿ.

ತರಬೇತಿಗೆ ನನ್ನ ಮೊದಲ ಸಲಹೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ. ಮೈಸೂರಿನಲ್ಲಿ ರುಡ್‌ಸೆಟ್ ಅನ್ನುವ ಇಂಥ ಸಂಸ್ಥೆ ಇದೆ, ಮಂಡ್ಯ ಜಿಲ್ಲೆಗೂ ಇಂಥದ್ದೊಂದು ಇದೆ. ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಹೀಗೆ ಬೇರೆ ಬೇರೆ ಕಸುಬು ಕಲಿಸುತ್ತಾರೆ. ಕಲಿಕೆ, ಊಟ, ವಸತಿ ಎಲ್ಲಾ ಉಚಿತ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೊ ಹಿಡಿದು ಹೋಗಿ. ಚಿಕ್ಕ ಮಗು ಇದೆ, ಅಲ್ಲೇ ಉಳಿಯೋಕೆ ಆಗಲ್ಲ ಅನ್ನುವವರು ದಿನಾ ಓಡಾಡಲು ಅವಕಾಶ ಕೊಡುತ್ತೀರಾ ಅಂತ ಕೇಳಿ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚಂತೂ ಇಲ್ಲ, ಅಲ್ವಾ?

ಕಲಿಯುತ್ತಿರುವಾಗಲೇ ಗಿರಾಕಿ ಹುಡುಕಿ. ಹೆಚ್ಚಿನವರು ಕೈಬಿಡುವುದು ಸರ್ಟಿಫಿಕೇಟ್ ಬಂದ ಮೇಲಿನ ಎರಡು ಮೂರು ತಿಂಗಳಲ್ಲಿ. ಕೆಲಸ ಗೊತ್ತಿರುತ್ತದೆ, ಕೆಲಸ ಕೊಡುವವರು ಇರುವುದಿಲ್ಲ. ಹತ್ತಿರದ ಸೀರೆ ಅಂಗಡಿಗೆ ನೀವು ಹಾಕಿದ ಕುಚ್ಚಿನ ಮಾದರಿ ತೋರಿಸಿ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘಕ್ಕೆ ಸೇರಿ. ಸಂಘದ ಅಕ್ಕಂದಿರೇ ಮೊದಲ ಗಿರಾಕಿಗಳಾಗುತ್ತಾರೆ. ದರ ಮಾತ್ರ ಮೊದಲೇ ಹೇಳಿ. ‘ನಮ್ಮವರೇ’ ಅಂತ ಪುಕ್ಕಟೆ ಮಾಡಿಕೊಟ್ಟರೆ ಆಮೇಲೆ ಯಾರೂ ಕೊಡುವುದಿಲ್ಲ.

ಆರ್ಡರ್ ಬರತೊಡಗಿದ ಮೇಲೆ ಸಾಲದ ಮಾತು. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಉಳಿದವರಿಗೆ ಶೇ 30 ಸಬ್ಸಿಡಿ. ಆದಾಯದ ಮಿತಿ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಲಿತು ಹೋದವರನ್ನು ತರಬೇತಿ ಸಂಸ್ಥೆಯವರು ಎರಡು ವರ್ಷ ವಿಚಾರಿಸುತ್ತಿರಬೇಕು ಅನ್ನುವ ನಿಯಮವಿದೆ. ಬ್ಯಾಂಕಿನವರು ಸತಾಯಿಸಿದರೆ ಸಂಕೋಚ ಬಿಟ್ಟು ಆ ಸಂಸ್ಥೆಯವರಿಗೇ ಫೋನ್ ಮಾಡಿ.